ಫ್ಯಾಮಿಕಾಮ್ ಜೊತೆ ಹತ್ತು ವರ್ಷದ ಮೇಲಾಯ್ತು: ನಮ್ಮನೇಲಿ ಇವತ್ತಿಗೂ ಓಡೋ ಗೇಮ್‌ಗಳು

ಮೊದಲೇ ಹೇಳ್ಬಿಡ್ತೀನಿ, ಫ್ಯಾಮಿಕಾಮ್ ಅನ್ನೋ ಈ ಹಳೇ ವಿಡಿಯೋ ಗೇಮ್ ಮಷಿನ್‌ನಲ್ಲಿ ಬೆಸ್ಟ್ ಗೇಮ್ ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ನನ್ನ ಉತ್ತರ ಮಾರಿಯೋ ಅಲ್ಲ, ಬ್ಯಾಟಲ್ ಸಿಟಿ. ನಮ್ಮ ಕಡೆ ಅದಕ್ಕೆ ಟ್ಯಾಂಕ್ ಗೇಮ್ ಅಂತಲೇ ಹೆಸರು. ಯಾಕೆ ಅಂತ ಆಮೇಲೆ ಹೇಳ್ತೀನಿ, ಸ್ವಲ್ಪ ಉದ್ದ ಇದೆ.

1997ರ ಬೇಸಿಗೆ ರಜೆಗೆ ಅಪ್ಪ ಬೆಂಗಳೂರಿಂದ ವಿಡಿಯೋ ಗೇಮ್ ತಂದ್ರು, ಆಗ ನಾವು ದಾವಣಗೆರೇಲಿ ಇದ್ವಿ, ನಾನು ಆರನೇ ಕ್ಲಾಸು, ತಮ್ಮ ಮೂರನೇ ಕ್ಲಾಸು. ಎರಡು ಜಾಯ್‌ಸ್ಟಿಕ್, ಒಂದು ಗನ್, ಒಂದು ಹಳದಿ ಕ್ಯಾಸೆಟ್. ಅದು ನಿಂಟೆಂಡೋ ಅನ್ನೋ ಜಪಾನ್ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. 2014ರಲ್ಲಿ ಆಫೀಸ್ ಕೆಲಸದ ಮೇಲೆ ಒಸಾಕಾಗೆ ಹೋಗಿದ್ದಾಗ ಡೆನ್ ಡೆನ್ ಟೌನ್‌ನ ಹಳೇ ಗೇಮ್ ಅಂಗಡೀಲಿ ಅಸಲಿ ಮಷಿನ್ ಸಿಕ್ತು. 1993ರಲ್ಲಿ ಬಂದ ಎವಿ ಫ್ಯಾಮಿಕಾಮ್ ಮಾಡೆಲ್ ಅದು, ಸೆಕೆಂಡ್ ಹ್ಯಾಂಡ್. ಅವತ್ತಿಂದ ಇವತ್ತಿನವರೆಗೆ ಬಳಸ್ತಾ ಇದೀನಿ, ಈ ವಿಮರ್ಶೆ ಅದರದ್ದು.

ತಗೋಬೇಕು ಅಂತಿರೋರಿಗೆ ಒಂದು ಮಾತು, ಹಳೇ ಕೆಂಪು ಬಿಳಿ ಮಾಡೆಲ್ ನೋಡೋಕೆ ಚೆಂದ, ಆದ್ರೆ ಅದು ಆಂಟೆನಾ ಸಾಕೆಟ್‌ಗೆ ಹಾಕೋ ಥರದ್ದು, ಜಪಾನ್ ಟಿವಿ ಚಾನೆಲ್‌ಗೆ ಮಾಡಿದ್ದು, ನಮ್ಮ ಟಿವೀಲಿ ಟ್ಯೂನ್ ಮಾಡೋದು ದೊಡ್ಡ ತಲೆನೋವು. ಎವಿ ಮಾಡೆಲ್ ಆದ್ರೆ ಹಳದಿ ವೈರ್ ಚುಚ್ಚಿದ್ರೆ ಮುಗೀತು. ಮತ್ತೆ ಅಡಾಪ್ಟರ್! ಜಪಾನ್‌ನಲ್ಲಿ ಕರೆಂಟ್ 100 ವೋಲ್ಟ್. ನಾನು ಬಂದ ದಿನಾನೇ ಖುಷೀಲಿ ನಮ್ಮನೆ ಪ್ಲಗ್‌ಗೆ ಹಾಗೇ ಹಾಕ್ದೆ, ಎರಡು ಸೆಕೆಂಡ್‌ನಲ್ಲಿ ಸುಟ್ಟ ವಾಸನೆ, ಅಡಾಪ್ಟರ್ ಹೋಯ್ತು. ಪುಣ್ಯಕ್ಕೆ ಮಷಿನ್ ಉಳೀತು. ಅಸಲಿ ಅಡಾಪ್ಟರ್ ಕೊಡೋದು 10 ವೋಲ್ಟ್, 850 ಮಿಲಿಆಂಪ್, ಮಧ್ಯದ ಪಿನ್ ನೆಗೆಟಿವ್, ನಮ್ಮಲ್ಲಿ ಸಿಗೋ ಬಹಳಷ್ಟು ಅಡಾಪ್ಟರ್ ಇದಕ್ಕೆ ಉಲ್ಟಾ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಲ್ಲಿ ಇದನ್ನ ಚೀಟೀಲಿ ಬರ್ಕೊಂಡು ಹೋಗಿ ತೋರಿಸಿ ಹೊಂದೋದು ತಗೊಂಡೆ, ಇವತ್ತಿಗೂ ಅದೇ ನಡೀತಿದೆ.

ಆಮೇಲೆ ಮಾಡಿದ ಮೊದಲ ಕೆಲಸ ಊರಿಂದ ನಮ್ಮ ಹಳದಿ ಕ್ಯಾಸೆಟ್ ತರಿಸಿದ್ದು. ಅಟ್ಟದ ಮೇಲೆ ಬಿಸ್ಕೆಟ್ ಡಬ್ಬೀಲಿ ಇತ್ತು. ನಕಲಿ ಮಷಿನ್ ಕ್ಯಾಸೆಟ್‌ಗೂ ಅಸಲಿ ಫ್ಯಾಮಿಕಾಮ್ ಕ್ಯಾಸೆಟ್‌ಗೂ ಅದೇ 60 ಪಿನ್, ಹಾಗಾಗಿ ಸರಿಯಾಗಿ ಕೂತ್ಕೊಳ್ತು. ಫ್ಯಾಮಿಕಾಮ್‌ನ ಅಮೆರಿಕದ ರೂಪ ಎನ್‌ಇಎಸ್, ಅದರ ಕ್ಯಾಸೆಟ್ ಆದ್ರೆ 72 ಪಿನ್, ಇದಕ್ಕೆ ಹೋಗಲ್ಲ, ಗೊತ್ತಿಲ್ದೆ ತರಿಸ್ಕೊಳ್ಬೇಡಿ. ಪಿನ್ನುಗಳನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದೆ, ಹತ್ತಿ ಕಪ್ಪಗಾಯ್ತು, ಹಾಕಿ ಆನ್ ಮಾಡಿದ್ರೆ ಅದೇ ಮೆನು, ಅದೇ ಮ್ಯೂಸಿಕ್. ಕಣ್ಣಲ್ಲಿ ನೀರು ಬಂತು. ಚಿಕ್ಕೋರಿದ್ದಾಗ ಓಡ್ಲಿಲ್ಲ ಅಂದ್ರೆ ಬಾಯಿಂದ ಊದಿ ಊದಿ ಹಾಕ್ತಿದ್ವಲ್ಲ, ಅದನ್ನ ಮಾತ್ರ ಮಾಡ್ಬೇಡಿ, ಬಾಯಿ ತೇವಕ್ಕೆ ಪಿನ್ನು ಕಿಲುಬು ಹಿಡಿಯುತ್ತೆ.

ಸೂಪರ್ ಮಾರಿಯೋ ಹಾಕ್ದಾಗ ಒಂದು ವಿಚಿತ್ರ ಆಯ್ತು. ಮೊದಲನೇ ಹಳ್ಳಕ್ಕೇ ಬಿದ್ದೆ. ಮತ್ತೆ ಬಿದ್ದೆ. ಕಣ್ಣು ಮುಚ್ಕೊಂಡು ಆಡ್ತಿದ್ದ ಲೆವೆಲ್ ಅದು! ಆಮೇಲೆ ಓದಿ ತಿಳ್ಕೊಂಡೆ, ಭಾರತದ ಟಿವಿ ಪಾಲ್ ಪದ್ಧತಿ, ಸೆಕೆಂಡಿಗೆ 50 ಚಿತ್ರ, ಜಪಾನ್‌ದು 60. ಗೇಮ್ ಲೆಕ್ಕ ಹಾಕೋದೆಲ್ಲ ಚಿತ್ರದ ಲೆಕ್ಕದಲ್ಲಿ, ಹಂಗಾಗಿ ಪಾಲ್ ಟಿವಿಗೆ ಅಂತ ಮಾಡಿದ್ದ ನಮ್ಮ ನಕಲಿ ಮಷಿನ್‌ನಲ್ಲಿ ಮಾರಿಯೋ ಓಡ್ತಿದ್ದಿದ್ದೇ ಆರರಲ್ಲಿ ಒಂದು ಪಾಲು ನಿಧಾನವಾಗಿ. ಇಷ್ಟು ವರ್ಷ ನನ್ನ ಬೆರಳಿಗೆ ಅಭ್ಯಾಸ ಆಗಿದ್ದು ಆ ನಿಧಾನದ ಮಾರಿಯೋ. ಅಸಲಿ ವೇಗಕ್ಕೆ ಕೈ ಹೊಂದೋಕೆ ಒಂದು ತಿಂಗಳು ಬೇಕಾಯ್ತು.

ಮಾರಿಯೋ ಬಗ್ಗೆ ಜಾಸ್ತಿ ಹೇಳೋದು ಬೇಕಿಲ್ಲ, ಎಲ್ಲರಿಗೂ ಗೊತ್ತು. 1985ರ ಗೇಮ್, 8 ವರ್ಲ್ಡ್, ಒಟ್ಟು 32 ಲೆವೆಲ್, ಪೂರ್ತಿ ಗೇಮ್ 40 ಕಿಲೋಬೈಟ್ ಅಷ್ಟೇ. ಜಾಗ ಸಾಲ್ದು ಅಂತ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ, ಸರಿಯಾಗಿ ನೋಡಿ ಗೊತ್ತಾಗುತ್ತೆ. ಒಂದು ಉಪಯೋಗದ ವಿಷಯ, ಗೇಮ್ ಓವರ್ ಆದ್ಮೇಲೆ ಟೈಟಲ್ ಸ್ಕ್ರೀನ್‌ನಲ್ಲಿ ಎ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಒತ್ತಿದ್ರೆ ಸತ್ತ ವರ್ಲ್ಡ್‌ನ ಮೊದಲನೇ ಲೆವೆಲ್‌ನಿಂದ ಶುರು ಆಗುತ್ತೆ. ಇದು ಗೊತ್ತಿದ್ದಿದ್ರೆ ನಮ್ಮ ಎಷ್ಟು ಬೇಸಿಗೆ ರಜೆ ಉಳೀತಿತ್ತು! ಆದ್ರೆ ಮಾರಿಯೋದಲ್ಲಿ ಇಬ್ಬರು ಅಂದ್ರೆ ಒಬ್ಬರು ಆಡೋದು, ಇನ್ನೊಬ್ಬರು ಅವರು ಸಾಯೋದನ್ನ ಕಾಯೋದು. ನನ್ನ ತಮ್ಮ ಅರ್ಧ ಗಂಟೆ ಕಾದು, ಅವನ ಸರದಿ ಬಂದ ತಕ್ಷಣ ಸತ್ತು, ಜಾಯ್‌ಸ್ಟಿಕ್ ಬಿಟ್ಟು ಅಡುಗೆಮನೆಗೆ ಹೋಗಿ ಅಮ್ಮನ ಹತ್ರ ಅಳ್ತಿದ್ದ. ಆ ಕಾರಣಕ್ಕೆ ನನ್ನ ಲಿಸ್ಟ್‌ನಲ್ಲಿ ಮಾರಿಯೋ ನಾಲ್ಕನೇದು.

ಬ್ಯಾಟಲ್ ಸಿಟಿಯಲ್ಲಿ ಇಬ್ಬರೂ ಒಟ್ಟಿಗೆ ಇರ್ತಾರೆ. ನಾಮ್ಕೋ ಕಂಪನಿ 1985ರಲ್ಲಿ ಮಾಡಿದ್ದು. ಕೆಳಗೆ ಮಧ್ಯದಲ್ಲಿ ಹದ್ದಿನ ಗುರುತು, ಸುತ್ತ ಇಟ್ಟಿಗೆ ಗೋಡೆ, ಒಂದು ಹಳದಿ ಟ್ಯಾಂಕ್, ಒಂದು ಹಸಿರು ಟ್ಯಾಂಕ್, ಮೇಲಿಂದ ಮೂರು ಜಾಗದಲ್ಲಿ ಶತ್ರು ಟ್ಯಾಂಕ್ ಬರುತ್ತೆ, ಒಂದು ಸ್ಟೇಜ್‌ಗೆ 20. ಹದ್ದು ಹೋಯ್ತೋ ಎಷ್ಟು ಲೈಫ್ ಇದ್ರೂ ಆಟ ಮುಗೀತು. ನಿಮ್ಮ ಗುಂಡೇ ತಗುಲಿದ್ರೂ ಅಷ್ಟೇ, ಮುಗೀತು. ಹಾಗಾಗಿ ಒಬ್ಬರು ಮುಂದೆ ಹೋಗ್ಬೇಕು, ಒಬ್ಬರು ಕಾವಲು ಇರ್ಬೇಕು, ಯಾರು ಏನು ಅಂತ ಬಾಯಿಬಿಟ್ಟು ಮಾತಾಡ್ಲೇಬೇಕು. ನಿಮ್ಮ ಗುಂಡು ಜೊತೆಗಾರನಿಗೆ ತಗುಲಿದ್ರೆ ಅವನು ಸಾಯಲ್ಲ, ಆದ್ರೆ ಸ್ವಲ್ಪ ಹೊತ್ತು ಟ್ಯಾಂಕ್ ಮಿಣಮಿಣ ಅಂತ ನಿಂತಲ್ಲೇ ನಿಂತ್ಬಿಡುತ್ತೆ. ಈ ಒಂದು ರೂಲ್ ಮಾಡಿದೋರಿಗೆ ಕೈ ಮುಗೀಬೇಕು. ಹಸಿರು ಟ್ಯಾಂಕ್ ನಿಂತಿರೋವಾಗ ಶತ್ರು ಬಂದು ಹೊಡೆದ್ರೆ ತಪ್ಪು ನಿಮ್ಮದು. "ಅಕ್ಕಾ ನಂಗ್ಯಾಕೆ ಹೊಡ್ದೆ" ಅಂತ ತಮ್ಮ ಕಿರುಚಿದ್ದು ಇನ್ನೂ ಕಿವೀಲಿದೆ.

ಬಣ್ಣ ಬದಲಾಯಿಸ್ತಾ ಮಿನುಗೋ ಟ್ಯಾಂಕ್ ಹೊಡೆದ್ರೆ ಬೋನಸ್ ಬರುತ್ತೆ, ಪ್ರತಿ ಸ್ಟೇಜ್‌ನಲ್ಲೂ 4ನೇ, 11ನೇ, 18ನೇ ಟ್ಯಾಂಕ್ ಅದು, ಎಣಿಸ್ತಾ ಇದ್ರೆ ಮೊದಲೇ ರೆಡಿ ಆಗ್ಬಹುದು. ನಕ್ಷತ್ರ ಮೂರು ಸಿಕ್ರೆ ಕಬ್ಬಿಣದ ಗೋಡೇನೂ ಒಡೆಯುತ್ತೆ. ಸಲಿಕೆ ಸಿಕ್ರೆ ಹದ್ದಿನ ಸುತ್ತ ಇಟ್ಟಿಗೆ ಹೋಗಿ ಸ್ವಲ್ಪ ಹೊತ್ತು ಕಬ್ಬಿಣದ ಗೋಡೆ ಬರುತ್ತೆ, ನಕ್ಷತ್ರ ಬಿಟ್ಟು ಸಲಿಕೆಗೆ ಓಡೋನು ಒಳ್ಳೆ ಜೊತೆಗಾರ ಅನ್ನೋದು ನನ್ನ ಅನುಭವ. ಒಟ್ಟು 35 ಸ್ಟೇಜ್. ಒಂದೂ ಪದ ಓದ್ಬೇಕಿಲ್ಲ, ನಾಲ್ಕು ವರ್ಷದ ಮಗು ಕೂತ್ರೂ ಆಡುತ್ತೆ.

ಎರಡನೇದು ಕಾಂಟ್ರಾ, 1988, ಕೊನಾಮಿ. ಇಬ್ಬರು ಒಟ್ಟಿಗೆ ಆಡೋದು, ಗುಂಡು ತಗುಲಿದ್ರೆ ಒಂದೇ ಏಟಿಗೆ ಸಾವು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಟೈಟಲ್ ಬರ್ತಿದ್ದ ಹಾಗೆ ಒತ್ತಿದ್ರೆ 30 ಲೈಫ್. ಈ ಕೋಡ್ ಮೊದಲು ಬಂದಿದ್ದು ಕಾಂಟ್ರಾದಲ್ಲಲ್ಲ, 1986ರ ಗ್ರೇಡಿಯಸ್ ಅನ್ನೋ ಗೇಮ್‌ನಲ್ಲಿ. ಕಜುಹಿಸಾ ಹಾಶಿಮೋಟೋ ಅನ್ನೋರು ಅದನ್ನ ಫ್ಯಾಮಿಕಾಮ್‌ಗೆ ತರೋವಾಗ ಟೆಸ್ಟ್ ಮಾಡೋಕೆ ತುಂಬ ಕಷ್ಟ ಆಗ್ತಿತ್ತು ಅಂತ ತಮಗೋಸ್ಕರ ಇಟ್ಕೊಂಡಿದ್ದು, ಅದು ಗೇಮ್‌ನಲ್ಲೇ ಉಳ್ಕೊಂಡ್ಬಿಡ್ತು. ಕಾಂಟ್ರಾದ ಪರೀಕ್ಷೆ ಮೂರನೇ ಸ್ಟೇಜ್, ಜಲಪಾತ. ಮೇಲಕ್ಕೆ ಹಾರ್ಕೊಂಡು ಹೋಗ್ಬೇಕು, ಒಬ್ಬರು ಅವಸರ ಮಾಡಿ ಮೇಲೆ ಹೋದ್ರೆ ಸ್ಕ್ರೀನ್ ಮೇಲೆ ಸರಿದು ಕೆಳಗಿರೋರು ಸಾಯ್ತಾರೆ. ಕಾಯೋದನ್ನ ಕಲಿಸೋ ಸ್ಟೇಜ್ ಅದು. ಜಪಾನ್ ಕ್ಯಾಸೆಟ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಅದರಲ್ಲಿ ಕಾಡಿನ ಎಲೆ ಅಲ್ಲಾಡುತ್ತೆ, ಮಧ್ಯ ಮಧ್ಯ ಕಥೆಯ ಚಿತ್ರ ಬರುತ್ತೆ, ಅಮೆರಿಕದ ಕ್ಯಾಸೆಟ್‌ನಲ್ಲಿ ಇವೆಲ್ಲ ತೆಗೆದುಬಿಟ್ಟಿದಾರೆ.

ಮೂರನೇದು ಕ್ಯಾಪ್‌ಕಾಮ್‌ನ ಚಿಪ್ ಎನ್ ಡೇಲ್, 1990. ಇದರಲ್ಲಿ ಜೊತೆಗಾರನನ್ನ ಎತ್ತಿ ಎಸೀಬಹುದು! ನನ್ನ ಮಗಳಿಗೆ ಈಗ ಒಂಬತ್ತು ವರ್ಷ, ಅವಳು ಮೊದಲು ಪೂರ್ತಿ ಮುಗಿಸಿದ ಗೇಮ್ ಇದು. ಕಷ್ಟ ಕಮ್ಮಿ, ಚಿತ್ರ ಚೆಂದ, ಮಕ್ಕಳ ಜೊತೆ ಶುರು ಮಾಡೋರು ಇಲ್ಲಿಂದಾನೇ ಶುರು ಮಾಡಿ.

ಒಬ್ಬರೇ ಆಡೋಕೆ ಅಂದ್ರೆ ಮಾರಿಯೋ 3 ಅದ್ಭುತ, ಆದ್ರೆ ಸೇವ್ ಇಲ್ಲ, ಭಾನುವಾರ ಪೂರ್ತಿ ಬೇಕು. ಎಕ್ಸೈಟ್‌ಬೈಕ್ ಹತ್ತು ನಿಮಿಷ ಸಿಕ್ರೂ ಆಡ್ಬಹುದು, ಇಂಜಿನ್ ಬಿಸಿ ಆಗದ ಹಾಗೆ ನೋಡ್ಕೊಂಡು ಓಡಿಸೋದೇ ಅದರ ಮಜ. ಸರ್ಕಸ್ ಚಾರ್ಲಿ, ರೋಡ್ ಫೈಟರ್ ನೆನಪಿಗೆ ಚೆನ್ನಾಗಿದೆ, ಒಂದು ವಾರಕ್ಕೆ ಸಾಕಾಗುತ್ತೆ. ಮಾತು ಜಾಸ್ತಿ ಇರೋ ಕಥೆ ಗೇಮ್‌ಗಳು ಜಪಾನಿ ಬರದಿದ್ರೆ ಬೇಡ, ಒಂದು ತಂದು ಕಪಾಟಲ್ಲಿ ಇಟ್ಟಿದೀನಿ ಅಷ್ಟೇ.

ಗನ್‌ನಿಂದ ಬಾತುಕೋಳಿ ಹೊಡೆಯೋ ಡಕ್ ಹಂಟ್ ಬಗ್ಗೆ ತುಂಬ ಜನ ಕೇಳ್ತಾರೆ. ಎಲ್‌ಇಡಿ ಟಿವೀಲಿ ಗನ್ ಕೆಲಸ ಮಾಡಲ್ಲ, ಗನ್ ಕೆಟ್ಟಿದೆ ಅಂದ್ಕೊಂಡು ಎಸೀಬೇಡಿ. ಟ್ರಿಗರ್ ಒತ್ತಿದ ತಕ್ಷಣ ಸ್ಕ್ರೀನ್ ಕಪ್ಪಾಗಿ, ಬಾತುಕೋಳಿ ಇರೋ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತೆ, ಗನ್ ಒಳಗಿರೋ ಸೆನ್ಸರ್ ಆ ಬೆಳಕು ನೋಡುತ್ತೆ. ಆ ಕ್ಷಣದ ಲೆಕ್ಕ ಹಳೇ ಡಬ್ಬಾ ಟಿವಿಗೆ ಮಾತ್ರ ಸರಿ ಹೊಂದುತ್ತೆ. ನಾನು ಇದಕ್ಕೋಸ್ಕರಾನೇ ಒಂದು 21 ಇಂಚಿನ ಡಬ್ಬಾ ಟಿವಿ ಉಳಿಸ್ಕೊಂಡಿದೀನಿ, ಮನೇಲಿ ಎಷ್ಟು ಸಲ ಗುಜರಿಗೆ ಹಾಕು ಅಂದ್ರೂ ಕೊಟ್ಟಿಲ್ಲ. ಬೇರೆ ಗೇಮ್‌ಗೂ ಅದೇ ವಾಸಿ, ಹೊಸ ಟಿವೀಲಿ ಬಟನ್ ಒತ್ತಿದ್ದಕ್ಕೂ ಹಾರೋದಕ್ಕೂ ಮಧ್ಯ ಸ್ವಲ್ಪ ತಡ ಆಗುತ್ತೆ, ಗೇಮ್ ಮೋಡ್ ಹಾಕಿದ್ರೆ ಒಂಚೂರು ಪರವಾಗಿಲ್ಲ.

ಇಷ್ಟು ವರ್ಷದಲ್ಲಿ ಮಷಿನ್ ಒಮ್ಮೆಯೂ ಕೆಟ್ಟಿಲ್ಲ. ಜಾಯ್‌ಸ್ಟಿಕ್ ಒಳಗಿನ ರಬ್ಬರ್ ಸವೆದು ಎ ಬಟನ್ ಎರಡು ಸಲ ಒತ್ತಿದ್ರೆ ಒಂದು ಸಲ ಕೇಳ್ತಿತ್ತು, 2019ರಲ್ಲಿ ಹೊಸ ರಬ್ಬರ್ ಹಾಕ್ದೆ, ಬಿಚ್ಚಿ ಜೋಡ್ಸೋಕೆ ಒಂದು ಸ್ಕ್ರೂ ಡ್ರೈವರ್ ಸಾಕು.

ಬ್ಯಾಟಲ್ ಸಿಟೀಲಿ ಕನ್ಸ್ಟ್ರಕ್ಷನ್ ಅಂತ ಒಂದು ಆಪ್ಷನ್ ಇದೆ, ನಮ್ಮ ಮ್ಯಾಪ್ ನಾವೇ ಕಟ್ಟೋದು, ಇಟ್ಟಿಗೆ, ಕಬ್ಬಿಣ, ನೀರು, ಕಾಡು, ಮಂಜುಗಡ್ಡೆ ಎಲ್ಲ ಇಡಬಹುದು. ಆದ್ರೆ ಆಫ್ ಮಾಡಿದ್ರೆ ಅಳಿಸಿಹೋಗುತ್ತೆ. ಹೋದ ವರ್ಷ ಹೀಗೇ ಕರೆಂಟ್ ಹೋಗಿ ಮಗಳು ಒಂದು ಗಂಟೆ ಕೂತು ಕಟ್ಟಿದ್ದ ಮ್ಯಾಪ್ ಹೋಯ್ತು, ತುಂಬ ಅತ್ತಳು. ಮಾರನೇ ದಿನ ಚೌಕಳಿ ಲೆಕ್ಕದ ಪುಸ್ತಕ ತಗೊಂಡು 13 ಸಾಲು 13 ಕಂಬ ಗೀಟು ಹಾಕಿದ್ಲು, ಮೈದಾನ ಸರಿಯಾಗಿ ಅಷ್ಟೇ ಚೌಕ ಅಂತ ಸ್ಕ್ರೀನ್ ಮೇಲೆ ಬೆರಳಿಟ್ಟು ಅವಳೇ ಎಣಿಸಿದ್ದು. ಇಟ್ಟಿಗೆಗೆ ಕಂದು ಬಣ್ಣ, ನೀರಿಗೆ ನೀಲಿ, ಕಾಡಿಗೆ ಹಸಿರು. ಈಗ ಪುಸ್ತಕದಲ್ಲಿ 22 ಮ್ಯಾಪ್ ಆಗಿದೆ. ಯುಗಾದಿಗೆ ಅವಳ ಮಾಮ ಬಂದಾಗ 17ನೇ ಮ್ಯಾಪ್‌ನಲ್ಲಿ ಇಬ್ಬರೂ ಆಡಿದ್ರು, ಹಸಿರು ಟ್ಯಾಂಕ್ ನಂದು ಅಂತ ಅವನು ಬಂದ ಕೂಡ್ಲೇ ಎರಡನೇ ಜಾಯ್‌ಸ್ಟಿಕ್ ಎತ್ಕೊಂಡ.