ವೃತ್ತದ ವಿಸ್ತೀರ್ಣ ಕಲಿಸುವ ಫೋಮ್ ಕಿಟ್: ತಗೊಳ್ಳಬಹುದು, ಆದರೆ ಒಳಗಿನ ಚೀಟಿ ನಂಬಬೇಡಿ

ಮಗಳು ಏಳನೇ ಕ್ಲಾಸು. ಟೆಸ್ಟಿನಲ್ಲಿ ವೃತ್ತದ ವಿಸ್ತೀರ್ಣ ಕೇಳಿದ ಕಡೆ ಎರಡು ಪೈ ಆರ್ ಬರೆದಿದ್ದಳು, ಪರಿಧಿ ಕೇಳಿದ ಕಡೆ ಪೈ ಆರ್ ಸ್ಕ್ವೇರ್. ಬಾಯಿಪಾಠ ಮಾಡಿಸಿದೆ. ಎರಡು ದಿನ ನೆನಪಿತ್ತು, ಮೂರನೇ ದಿನ ಮತ್ತೆ ಅದಲುಬದಲು. ಪುಸ್ತಕ ತರೋಕೆ ಅವೆನ್ಯೂ ರೋಡಿಗೆ ಹೋದಾಗ ಒಂದು ಅಂಗಡಿಯಲ್ಲಿ ಈ ಕಿಟ್ ಕಂಡಿತು, 260 ರೂಪಾಯಿ ಕೊಟ್ಟು ತಂದೆ.

ಡಬ್ಬಿಯಲ್ಲಿ ಫೋಮಿನ ಎರಡು ವೃತ್ತ ಇವೆ. ಎರಡರ ತ್ರಿಜ್ಯವೂ 7 ಸೆಂ.ಮೀ. ಒಂದು 8 ಹೋಳಾಗಿದೆ, ಇನ್ನೊಂದು 16. ಅರ್ಧ ಹೋಳು ಕೆಂಪು, ಅರ್ಧ ಹಳದಿ. ಜೊತೆಗೆ ದಾರ, ಸೆಂಟಿಮೀಟರ್ ಚೌಕಗಳ ಹಾಳೆ, ಒಂದು ಚೀಟಿ.

ಇಡೀ ಕಿಟ್ಟಿನ ಜೀವ ಇರೋದು ಆ 16 ಹೋಳಿನಲ್ಲಿ. ಕೆಂಪು ಹೋಳುಗಳನ್ನು ಚೂಪು ತುದಿ ಮೇಲೆ ಮಾಡಿ ಸಾಲಾಗಿ ಇಟ್ಟು, ಸಂದಿಗಳಲ್ಲಿ ಹಳದಿ ಹೋಳುಗಳನ್ನು ತುದಿ ಕೆಳಗೆ ಮಾಡಿ ಕೂರಿಸಿದರೆ ವೃತ್ತ ಹೋಗಿ ಹೆಚ್ಚು ಕಡಿಮೆ ಆಯತದ ಥರ ಆಗುತ್ತದೆ. 8 ಹೋಳಿನದ್ದು ಉಬ್ಬುಉಬ್ಬಾಗಿ ಕಾಣುತ್ತೆ, 16ರದ್ದು ಎಷ್ಟೋ ನೇರ. ಹೋಳು ಜಾಸ್ತಿ ಆದಷ್ಟೂ ಇನ್ನೂ ನೇರ ಆಗುತ್ತೆ ಅನ್ನೋದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಅದಕ್ಕೇ 8ರ ಬದಲು 32 ಹೋಳಿನದ್ದು ಕೊಡಬೇಕಿತ್ತು ಅಂತ ನನಗನಿಸಿತು.

"ಇದರ ಅಗಲ ಎಷ್ಟು?" ಅಂದೆ. ಹೋಳಿನ ಅಂಚು ಅಳೆದು 7 ಅಂದಳು, ಅದು ತ್ರಿಜ್ಯ. ಉದ್ದ? ಕೆಂಪು ಹೋಳುಗಳ ಬಾಗಿದ ಅಂಚಿನ ಮೇಲೆ ಬೆರಳಾಡಿಸುತ್ತಾ ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ "ಅಮ್ಮಾ, ಇದು ಪರಿಧಿಯಲ್ಲಿ ಅರ್ಧ ಅಲ್ವಾ!" ದಾರ ಸುತ್ತಿ ಅಳೆದಳು, ಪರಿಧಿ 44. ಅರ್ಧ 22. 22 ಇಂಟು 7, 154. ಆರ್ಯಭಟ 499ರಲ್ಲಿ ಹೇಳಿದ್ದೂ ಇದನ್ನೇ: ಪರಿಧಿಯ ಅರ್ಧವನ್ನು ವ್ಯಾಸದ ಅರ್ಧದಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ. ಅರ್ಧ ಪರಿಧಿ ಅಂದರೆ ಪೈ ಆರ್, ಅದನ್ನು ಇನ್ನೊಂದು ಆರ್‌ನಿಂದ ಗುಣಿಸಿದರೆ ಪೈ ಆರ್ ಸ್ಕ್ವೇರ್. ಆ ಸ್ಕ್ವೇರ್ ಎಲ್ಲಿಂದ ಬಂತು ಅಂತ ನನಗೂ ಶಾಲೆಯಲ್ಲಿ ಯಾರೂ ಹೀಗೆ ತೋರಿಸಿರಲಿಲ್ಲ.

ಈಗ ಚೀಟಿಯ ವಿಷಯ. ಬರೀ ಇಂಗ್ಲಿಷಿನಲ್ಲಿದೆ, ಕನ್ನಡ ಮೀಡಿಯಂ ಮಕ್ಕಳಿಗೆ ಉಪಯೋಗವಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಉದಾಹರಣೆಯಲ್ಲಿ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿ, 14ರ ವರ್ಗ ಮಾಡಿ, ಉತ್ತರ 616 ಅಂತ ಅಚ್ಚು ಹಾಕಿದ್ದಾರೆ. ಸರಿ ಉತ್ತರದ ನಾಲ್ಕು ಪಟ್ಟು! ನಾನು ಗಮನಿಸಿರಲಿಲ್ಲ, ಮಗಳೇ ಹಿಡಿದಳು. ವೃತ್ತವನ್ನು ಚೌಕದ ಹಾಳೆಯ ಮೇಲಿಟ್ಟು, ಅಂಚು ಗೀಚಿ, ಒಳಗಿನ ಚೌಕ ಎಣಿಸಿದಳು. ಅರ್ಧಕ್ಕಿಂತ ಜಾಸ್ತಿ ಇದ್ದದ್ದನ್ನು ಒಂದು ಅಂತ ಲೆಕ್ಕ ಹಿಡಿದು 152 ಬಂತು. "ಇಷ್ಟು ಚಿಕ್ಕ ವೃತ್ತದಲ್ಲಿ 616 ಚೌಕ ಎಲ್ಲಿ ಹಿಡಿಯುತ್ತೆ?" ಅಂದಳು. ಆ ಮಾತು ಕೇಳಿ ನನ್ನ 260 ರೂಪಾಯಿ ಬಂತು ಅಂದುಕೊಂಡೆ.

ಇನ್ನೊಂದು, ಪೈ ಅಂದರೆ 22/7 ಅಂತಲೇ ಚೀಟಿಯಲ್ಲಿ ಬರೆದಿದ್ದಾರೆ. ಹಾಗಲ್ಲ. 22/7 ಅಂದರೆ ಸುಮಾರು 3.1429, ಪೈ ಸುಮಾರು 3.1416. ಆರ್ಯಭಟ ಕೊಟ್ಟ 62832/20000 ಇದಕ್ಕಿಂತ ಹತ್ತಿರ, ಆದರೂ ಅದನ್ನು 'ಆಸನ್ನ', ಅಂದರೆ ಹತ್ತಿರದ್ದು, ಅಂತಲೇ ಹೇಳಿದ್ದಾನೆ. ಮಕ್ಕಳಿಗೆ ಇದನ್ನು ನೀವೇ ಹೇಳಿಬಿಡಿ.

ಫೋಮ್ ಗಟ್ಟಿಯಾಗಿದೆ, ತಿಂಗಳಾದರೂ ಅಂಚು ಕಿತ್ತಿಲ್ಲ. ದುಡ್ಡು ಜಾಸ್ತಿ ಅನಿಸಿದರೆ ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಕೈವಾರದಿಂದ 7 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು ಕತ್ತರಿಸಿ, ಅರ್ಧಕ್ಕೆ ಅರ್ಧ ಅಂತ ನಾಲ್ಕು ಸಲ ಮಡಚಿ, ಬಿಚ್ಚಿ, ಗೆರೆ ಹಿಡಿದು ಕತ್ತರಿಸಿ. 16 ಹೋಳು ಸಿಗುತ್ತವೆ.