ಮೂರನೆಯವರು ಸೇರಿದ ಕೂಡಲೇ ಮಾತು ನಿಂತರೆ: ಓಪನ್‌ಸೆನ್ಸ್ ಮತ್ತು ಜಿಟ್ಸಿ ಮೀಟ್, ನಾಲ್ಕು ವರ್ಷ ಬಳಸಿದ ಮೇಲೆ

ಮಲೆನಾಡಿನ ಒಂದು ಪದವಿ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ಕಂಪ್ಯೂಟರ್ ಲ್ಯಾಬ್, ಆಫೀಸು, ಲೈಬ್ರರಿ, ಹಾಸ್ಟೆಲ್ ವೈಫೈ ಎಲ್ಲಕ್ಕೂ ನಾನೊಬ್ಬನೇ. 2021ರಿಂದ ನಮ್ಮಲ್ಲಿ ಫೈರ್‌ವಾಲ್ ಆಗಿ, ಅಂದರೆ ಇಂಟರ್ನೆಟ್ಟಿಗೂ ನಮ್ಮ ನೆಟ್‌ವರ್ಕಿಗೂ ನಡುವಿನ ಕಾವಲಾಗಿ, ಓಪನ್‌ಸೆನ್ಸ್ ಇದೆ, ಆನ್‌ಲೈನ್ ಮೀಟಿಂಗಿಗೆ ನಮ್ಮದೇ ಸರ್ವರಿನಲ್ಲಿ ಜಿಟ್ಸಿ ಮೀಟ್ ಇದೆ. ಎರಡಕ್ಕೂ ಲೈಸೆನ್ಸ್ ದುಡ್ಡು ಕೊಡಬೇಕಿಲ್ಲ. ದುಡ್ಡು ಕೊಡಬೇಕಾಗಿದ್ದರೂ ಇವನ್ನೇ ಕೇಳುತ್ತಿದ್ದೆ. ಯಾಕೆಂದು ಹೇಳುತ್ತೇನೆ.

ಜಿಟ್ಸಿ ಹಾಕಿದ ಮೊದಲ ವಾರ ಕನ್ನಡ ವಿಭಾಗದ ಮೇಡಂ ಫೋನ್ ಮಾಡಿದರು. “ಸರ್, ನಾವಿಬ್ರೇ ಇದ್ದಾಗ ಚೆನ್ನಾಗಿ ಕೇಳಿಸ್ತಿತ್ತು. ಪ್ರಿನ್ಸಿಪಾಲ್ರು ಸೇರಿದ ಕೂಡ್ಲೇ ಯಾರ ಮಾತೂ ಇಲ್ಲ, ಮುಖಾನೂ ಇಲ್ಲ. ಚಾಟ್ ಮಾತ್ರ ಬರ್ತಿದೆ.”

ಇಡೀ ಪಾಠ ಆ ಮಾತಿನಲ್ಲೇ ಇತ್ತು, ನನಗೆ ತಿಳಿಯಲು ಅರ್ಧ ದಿನ ಹಿಡಿಯಿತು. ಜಿಟ್ಸಿಯಲ್ಲಿ ಇಬ್ಬರೇ ಇದ್ದರೆ ಸಾಮಾನ್ಯವಾಗಿ ಧ್ವನಿ, ವಿಡಿಯೊ ನೇರವಾಗಿ ಅವರಿಬ್ಬರ ಯಂತ್ರಗಳ ನಡುವೆಯೇ ಓಡಾಡುತ್ತವೆ. ಮೂರನೆಯವರು ಬಂದರೆ ಎಲ್ಲವೂ ಸರ್ವರಿನಲ್ಲಿರುವ ವಿಡಿಯೊಬ್ರಿಡ್ಜ್ ಮೂಲಕ ಹೋಗಬೇಕು, ಅದು ಕೂತಿರುವುದು ಯುಡಿಪಿ 10000ನೇ ಪೋರ್ಟಿನಲ್ಲಿ. ಪೋರ್ಟ್ ಅಂದರೆ ನಂಬರ್ ಹಾಕಿದ ಬಾಗಿಲು. ಯುಡಿಪಿ, ಟಿಸಿಪಿ ಡೇಟಾ ಕಳಿಸುವ ಎರಡು ಬಗೆ, ಕಳೆದುಹೋದದ್ದಕ್ಕೆ ಟಿಸಿಪಿ ಕಾಯುತ್ತದೆ, ಯುಡಿಪಿ ಕಾಯುವುದಿಲ್ಲ. ನಾನು ತೆರೆದದ್ದು ಟಿಸಿಪಿ 80 ಮತ್ತು 443 ಮಾತ್ರ. ಹಾಗಾಗಿ ಪುಟ ತೆರೆಯುತ್ತಿತ್ತು, ಚಾಟ್ ಬರುತ್ತಿತ್ತು, ಮಾತು ಬಾಗಿಲಲ್ಲೇ ನಿಲ್ಲುತ್ತಿತ್ತು.

ಓಪನ್‌ಸೆನ್ಸಿನಲ್ಲಿ ಲೈವ್ ವ್ಯೂ ಅಂತ ಒಂದು ಪುಟ ಇದೆ. ಒಳಗೆ ಬಿಟ್ಟ ಪ್ಯಾಕೆಟ್ (ಡೇಟಾದ ತುಂಡು) ಹಸಿರು, ತಡೆದದ್ದು ಕೆಂಪು. ಮೇಡಂ, ಪ್ರಿನ್ಸಿಪಾಲರು ಇಬ್ಬರನ್ನೂ ಮನೆಯಿಂದಲೇ ಮತ್ತೆ ಸೇರಲು ಹೇಳಿ, ನಾನೂ ಮೊಬೈಲ್ ಡೇಟಾದಿಂದ ಸೇರಿ, ಆ ಪುಟ ತೆರೆದು ಕೂತೆ. 10000ರ ಒಂದು ಸಾಲೂ ಇಲ್ಲ. ಸರ್ವರ್ ನ್ಯಾಟ್‌ನ ಹಿಂದೆ, ಅಂದರೆ ಒಳಗಿನ ಯಂತ್ರಗಳೆಲ್ಲ ಒಂದೇ ಹೊರವಿಳಾಸ ಹಂಚಿಕೊಳ್ಳುವ ಏರ್ಪಾಟಿನ ಹಿಂದೆ ಇದ್ದುದರಿಂದ, ತನ್ನ 192.168ರ ಒಳವಿಳಾಸವನ್ನೇ ಹೊರಗಿನವರಿಗೆ ಕೊಡುತ್ತಿತ್ತು. ವಿಡಿಯೊಬ್ರಿಡ್ಜಿನ ಸೆಟ್ಟಿಂಗಿನಲ್ಲಿ ಹೊರಗಿನ ವಿಳಾಸವನ್ನೂ ಬರೆದ ಮೇಲೆ ಸಾಲುಸಾಲಾಗಿ ಕೆಂಪು, ಪ್ರತಿ ಸಾಲಿನ ಕೊನೆಯಲ್ಲೂ 10000. ಆ ಪೋರ್ಟಿಗೆ ಬಂದದ್ದು ಸರ್ವರಿಗೆ ಹೋಗುವಂತೆ ಫಾರ್ವರ್ಡ್ ಮಾಡಿದೆ. ಸಾಲು ಹಸಿರಾಯಿತು. ಮೇಡಂ ದನಿ ಬಂತು: “ಸರ್, ಕೇಳಿಸ್ತಿದೆಯಾ?”

ಫೈರ್‌ವಾಲ್ ಕಲಿಯಲು ಬಂದವರಿಗೆ ನಾನು ಮೊದಲು ತೋರಿಸುವುದು ಆ ಪುಟವನ್ನೇ. ಆಮೇಲೆ ಮೂರು ಮಾತು ಹೇಳುತ್ತೇನೆ. ಹೊರಗಿನಿಂದ ತಾನಾಗಿ ಬರುವ ಪ್ರತಿಯೊಂದೂ ಮೊದಲಿಗೆ ಬಂದ್. ಒಳಗಿನವರು ಶುರು ಮಾಡಿದ ಸಂಪರ್ಕ ನೆನಪಿನಲ್ಲಿರುತ್ತದೆ, ಅದರ ಉತ್ತರಕ್ಕೆ ಬೇರೆ ರೂಲ್ ಬೇಡ. ಫೈರ್‌ವಾಲ್ ರೂಲ್‌ಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಈ ಮೂರನೆಯದರಲ್ಲಿ ನಾನು ತಪ್ಪಿದ್ದೇನೆ. ಹಾಸ್ಟೆಲಿನಿಂದ ಆಫೀಸಿಗೆ ತಡೆ ಹಾಕುವ ರೂಲನ್ನು “ಎಲ್ಲವನ್ನೂ ಬಿಡು” ಅನ್ನುವುದರ ಕೆಳಗೆ ಬರೆದಿದ್ದೆ. ಒಬ್ಬ ವಿದ್ಯಾರ್ಥಿಯ ಫೋನಿನಲ್ಲಿ ಆಫೀಸಿನ ಪ್ರಿಂಟರ್ ಕಾಣಿಸಿಕೊಂಡಾಗಲೇ ಗೊತ್ತಾಗಿದ್ದು. ಮೇಲಕ್ಕೆ ಸರಿಸಿದ ಮೇಲೂ ಆಗಲೇ ತೆರೆದಿದ್ದ ಸಂಪರ್ಕಗಳು ಹಾಗೇ ನಡೆಯುತ್ತಿದ್ದವು. ಫೈರ್‌ವಾಲಿನ ನೆನಪಿನ ಪಟ್ಟಿ, ಅಂದರೆ ಸ್ಟೇಟ್ ಟೇಬಲ್, ಅಳಿಸಿದ ಮೇಲೆಯೇ ನಿಂತವು.

ಇಂಥ ಸರ್ವರ್ ಇಡುವ ಮುಂಚೆ ಫೈರ್‌ವಾಲಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿಕೊಳ್ಳಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನೀವು ಇಂಟರ್ನೆಟ್ ಸೇವಾದಾರರ ನ್ಯಾಟ್‌ನ ಹಿಂದೆ ಇದ್ದೀರಿ, ಪೋರ್ಟ್ ಎಷ್ಟು ತೆರೆದರೂ ಹೊರಗಿನವರು ಬರಲಾರರು. ನಾವು ಸ್ಟ್ಯಾಟಿಕ್ ಐಪಿಗೆ, ಅಂದರೆ ನಮ್ಮದೇ ಆದ ಬದಲಾಗದ ಹೊರವಿಳಾಸಕ್ಕೆ, ಬೇರೆ ದುಡ್ಡು ಕಟ್ಟಿದೆವು. ಇನ್ನೊಂದು, ಕ್ಯಾಂಪಸ್ ಒಳಗಿನಿಂದಲೇ ಮೀಟಿಂಗ್ ಲಿಂಕ್ ಒತ್ತಿದರೆ ತೆರೆಯದೆ ಇರಬಹುದು. ಹೆಸರಿಗೆ ವಿಳಾಸ ಹುಡುಕಿಕೊಡುವ ಓಪನ್‌ಸೆನ್ಸಿನ ಅನ್‌ಬೌಂಡ್ ಡಿಎನ್‌ಎಸ್‌ನಲ್ಲಿ ಸರ್ವರಿನ ಹೆಸರಿಗೆ ಒಳವಿಳಾಸ ಕೊಟ್ಟರೆ ಆಯಿತು.

ಮೇಷ್ಟರುಗಳು ಬೇರೆಯವರ ಮೀಟಿಂಗುಗಳಿಗೂ ಸೇರುತ್ತಾರೆ. ಹೊರಗೆ ಹೋಗುವ ಟ್ರಾಫಿಕ್ಕಿಗೂ ಬಿಗಿ ಹಾಕಿದವರು ಇವಿಷ್ಟು ಯುಡಿಪಿ ಪೋರ್ಟುಗಳನ್ನು ಬಿಡಿ: ಟೀಮ್ಸ್‌ಗೆ 3478ರಿಂದ 3481, ಗೂಗಲ್ ಮೀಟ್‌ಗೆ 3478 ಮತ್ತು 19302ರಿಂದ 19309, ಜೂಮ್‌ಗೆ 8801ರಿಂದ 8810. ಬಿಡದಿದ್ದರೂ ಇವು 443ರಲ್ಲಿ ಟಿಸಿಪಿ ಹಿಡಿದು ಹೇಗೋ ನಡೆಯುತ್ತವೆ, ಅದಕ್ಕೇ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಕಳೆದುಹೋದ ಪ್ಯಾಕೆಟ್ಟನ್ನು ಟಿಸಿಪಿ ಮತ್ತೆ ತರಿಸಿಕೊಳ್ಳುವವರೆಗೆ ಮಾತು ಕಾಯುತ್ತದೆ. “ನೆಟ್ ಸ್ಲೋ” ಅನ್ನುವ ದೂರುಗಳಲ್ಲಿ ಕೆಲವು ಹೀಗೆ ಹುಟ್ಟಿದವು.

ನಿಜಕ್ಕೂ ಸ್ಲೋ ಆಗುತ್ತಿದ್ದದ್ದು ಅಪ್‌ಲೋಡಿನಲ್ಲಿ. ವಿಡಿಯೊಬ್ರಿಡ್ಜ್ ಎಲ್ಲರ ವಿಡಿಯೊವನ್ನು ಒಂದಾಗಿ ಬೆರೆಸುವುದಿಲ್ಲ, ಬಂದದ್ದನ್ನು ಬಂದಂತೆ ಒಬ್ಬೊಬ್ಬರಿಗೂ ಕಳಿಸುತ್ತದೆ. ಅದರಿಂದ ಸರ್ವರಿನ ಪ್ರೊಸೆಸರ್ ಹಗುರ, ಲೈನ್ ಭಾರ. ನಾವು ವಿಡಿಯೊದ ಸ್ಪಷ್ಟತೆಯನ್ನು 360 ಸಾಲಿಗೆ (360ಪಿ) ಇಳಿಸಿದೆವು, ಒಮ್ಮೆಗೆ ಕೆಲವೇ ಮುಖ ಕಳಿಸುವಂತೆ ಮಾಡಿದೆವು. ಟ್ರಾಫಿಕ್ಕಿನ ವೇಗ ಹತೋಟಿಯಲ್ಲಿಡುವ ಓಪನ್‌ಸೆನ್ಸಿನ ಶೇಪರ್‌ನಲ್ಲಿ, ಒಬ್ಬರಿಂದ ಉಳಿದವರು ಕಾಯದಂತೆ ಸರದಿ ಹಂಚುವ ಎಫ್‌ಕ್ಯೂ-ಕೋಡೆಲ್ ವಿಧಾನ ಆರಿಸಿ, ಮಿತಿಯನ್ನು ಲೈನಿನ ವೇಗಕ್ಕಿಂತ ತುಸು ಕಡಿಮೆ ಇಟ್ಟೆ. ಆಮೇಲೆ ಲ್ಯಾಬಿನ ಯಂತ್ರಗಳೆಲ್ಲ ಒಟ್ಟಿಗೆ ಅಪ್‌ಡೇಟ್ ಎಳೆದರೂ ಮೀಟಿಂಗಿನ ಮಾತು ತುಂಡಾಗಲಿಲ್ಲ. ನಾಲ್ಕು ವರ್ಷದಲ್ಲಿ ನಾನು ಮಾಡಿದ ಬದಲಾವಣೆಗಳಲ್ಲಿ ಜನರಿಗೆ ಹೆಚ್ಚು ಉಪಕಾರವಾದದ್ದು ಇದೇ ಅಂತ ನನ್ನ ಅಭಿಪ್ರಾಯ.

ಓಪನ್‌ಸೆನ್ಸ್ 2015ರ ಜನವರಿಯಲ್ಲಿ ಪಿಎಫ್‌ಸೆನ್ಸ್ ಅನ್ನುವ ಇನ್ನೊಂದು ಫೈರ್‌ವಾಲಿನಿಂದ ಕವಲೊಡೆದು ಬಂದದ್ದು. ಅವರ ದೊಡ್ಡ ಆವೃತ್ತಿ ವರ್ಷಕ್ಕೆರಡು, ಜನವರಿ ಮತ್ತು ಜುಲೈ. ಹೊರಬಂದ ದಿನವೇ ನಾನು ಹಾಕುವುದಿಲ್ಲ, ರಜೆ ನೋಡಿಕೊಂಡು ಹಾಕುತ್ತೇನೆ. ಜಿಟ್ಸಿಯ ಸಾರ್ವಜನಿಕ ತಾಣದಲ್ಲಿ ಹೊಸ ಕೋಣೆ ತೆರೆಯಲು 2023ರ ಆಗಸ್ಟಿನಿಂದ ಲಾಗಿನ್ ಬೇಕಾಯಿತು. ಸರ್ವರ್ ನಮ್ಮದೇ ಆದ್ದರಿಂದ ನಮಗೇನೂ ಬದಲಾಗಲಿಲ್ಲ. ಕೊರತೆಯೆಂದರೆ ರೆಕಾರ್ಡಿಂಗ್. ಅದಕ್ಕೆ ಜಿಬ್ರಿ ಅನ್ನುವ ಬೇರೆ ಭಾಗ ಬೇಕು, ಒಂದು ಜಿಬ್ರಿಗೆ ಒಮ್ಮೆಗೆ ಒಂದೇ ಮೀಟಿಂಗು, ಅದಕ್ಕೊಂದು ಗಟ್ಟಿ ಯಂತ್ರ. ನಾವು ಅದರ ಆಸೆ ಬಿಟ್ಟಿದ್ದೇವೆ. ಲಾಗ್‌ಗಳಿಗೂ (ಸಂಪರ್ಕಗಳ ದಾಖಲೆ) ಬೇರೆ ಜಾಗ ಮಾಡಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನ 180 ದಿನದ ಲಾಗ್ ಕೇಳುತ್ತದೆ, ಫೈರ್‌ವಾಲಿನ ಸಣ್ಣ ಡಿಸ್ಕಿನಲ್ಲಿ ಇಡುವ ಬದಲು ನಾನು ಲಾಗ್ ಕೂಡಿಡುವ ಸಿಸ್‌ಲಾಗ್ ಸರ್ವರಿಗೆ ಕಳಿಸುತ್ತೇನೆ.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ರಾತ್ರಿ ಸಿಡಿಲಿಗೆ ಫೈರ್‌ವಾಲಿನ ಮದರ್‌ಬೋರ್ಡ್ ಹೋಯಿತು. ಬೆಳಿಗ್ಗೆ ಹತ್ತೂವರೆಗೆ ಆನ್‌ಲೈನ್ ಮೀಟಿಂಗ್ ಇತ್ತು. ಲ್ಯಾಬಿನ ಒಂದು ಹಳೆಯ ಡೆಸ್ಕ್‌ಟಾಪಿಗೆ ಇಂಟೆಲ್‌ನ ಎರಡು ಪೋರ್ಟಿನ (ಕೇಬಲ್ ಸಿಕ್ಕಿಸುವ ಕಿಂಡಿಯ) ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಓಪನ್‌ಸೆನ್ಸ್ ಹಾಕಿ, ಎಲ್ಲ ಸೆಟ್ಟಿಂಗ್ ಇರುವ ಬ್ಯಾಕಪ್‌ನ ಎಕ್ಸ್‌ಎಂಎಲ್ ಫೈಲ್ ಕೊಟ್ಟೆ. ಆ ಕಿಂಡಿಗಳ ಹೆಸರು ಬದಲಾಗಿದ್ದರಿಂದ ವ್ಯಾನ್, ಲ್ಯಾನ್ (ಒಳಗಿನ ಕಡೆ) ಯಾವುದೆಂದು ಮತ್ತೆ ಹೇಳಬೇಕಾಯಿತು. ಉಳಿದ ರೂಲ್‌ಗಳು, ಫಾರ್ವರ್ಡ್, ಶೇಪರ್ ಎಲ್ಲ ಇದ್ದ ಹಾಗೇ ಬಂದವು. ಹತ್ತು ಗಂಟೆಗೆ ಮೊಬೈಲ್ ಡೇಟಾದಿಂದ ಮೂರು ಫೋನ್ ಸೇರಿಸಿ ನೋಡಿದೆ, ಮೂರರಲ್ಲೂ ದನಿ ಬಂತು. ಆ ಫೈಲನ್ನು ಈಗ ಪ್ರತಿ ಶನಿವಾರ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ ಎರಡು ಪೆನ್‌ಡ್ರೈವಿಗೆ ಇಳಿಸುತ್ತೇನೆ. ಒಂದು ನನ್ನ ಹತ್ತಿರ, ಇನ್ನೊಂದು ಪ್ರಿನ್ಸಿಪಾಲರ ಬೀರುವಿನಲ್ಲಿ.