ಸಹಿ ಹಾಕುವ ಮುಂಚೆ ಇಲ್ಲಿಗೆ ಹೋಗಿ: ಗಂಗಾವತಿಯಲ್ಲಿ ಸಿಕ್ಕ ಉಚಿತ ಕಾನೂನು ನೆರವು

ಹೆಣ್ಣುಮಕ್ಕಳಿಗೆ ಸರ್ಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ, ಅದಕ್ಕೆ ಆದಾಯ ಪ್ರಮಾಣಪತ್ರವೂ ಬೇಕಿಲ್ಲ. ಈ ಮಾತು ನಮ್ಮ ಓಣಿಯಲ್ಲಿ ಎಷ್ಟು ಜನರಿಗೆ ಗೊತ್ತು? ಗೊತ್ತಿಲ್ಲದೆ ಎಷ್ಟು ಹೆಣ್ಣುಮಕ್ಕಳು ತವರಿನ ಪಾಲು ಬಿಟ್ಟುಕೊಟ್ಟಿದ್ದಾರೋ! ನಮ್ಮ ಅವ್ವನೂ ಬಿಟ್ಟುಕೊಡುವವಳಿದ್ದಳು. ಉಳಿಸಿದ್ದು ಗಂಗಾವತಿಯ ತಾಲೂಕು ಕಾನೂನು ಸೇವಾ ಸಮಿತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವ್ವನ ತವರಿನಲ್ಲಿ ಎಡದಂಡೆ ಕಾಲುವೆ ನೀರು ಹಾಯುವ ಭತ್ತದ ಗದ್ದೆ ಇದೆ. ಪಿತ್ರಾರ್ಜಿತ ಆಸ್ತಿ. ತಾತ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಪಹಣಿಯಲ್ಲಿ ಅವರ ಹೆಸರೇ ಇತ್ತು. ಸೋದರಮಾವಂದಿರಿಗೆ ಬೆಳೆ ಸಾಲ ಬೇಕಿತ್ತು, ಖಾತೆ ತಮ್ಮ ಹೆಸರಿಗೆ ಆಗಬೇಕಿತ್ತು. ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡೇ ಮನೆಗೆ ಬಂದರು. "ಅಕ್ಕಾ, ಒಂದು ಸಹಿ ಅಷ್ಟೇ. ನಿನ್ನ ಲಗ್ನ 94ಕ್ಕಿಂತ ಮುಂಚೆ ಆಗೈತಿ, ಅಪ್ಪ 2005ಕ್ಕಿಂತ ಮುಂಚೆ ಹೋದ. ಕಾನೂನಿನಾಗೆ ನಿನಗೆ ಏನೂ ಬರಂಗಿಲ್ಲ" ಅಂದರು. ಅವ್ವ ಪೆನ್ನು ಹಿಡಿದೇಬಿಟ್ಟಿದ್ದಳು. ನಾಳೆ ತವರಿನ ಬಾಗಿಲು ಮುಚ್ಚಿದರೆ ಅನ್ನೋ ಭಯ ಅವಳಿಗೆ. ಪತ್ರದ ನಕಲು ಕೊಡಿ, ಓದಿ ಹೇಳ್ತೀವಿ ಅಂತ ನಾನೇ ತಡೆದೆ.

ಮರುದಿನ ಕೋರ್ಟ್ ಆವರಣದಲ್ಲಿರುವ ಸಮಿತಿಯ ಕಚೇರಿಗೆ ಹೋದೆವು. ಬಿಳಿ ಹಾಳೆಯ ಮೇಲೆ ಒಂದು ಅರ್ಜಿ, ಆಧಾರ್ ಜೆರಾಕ್ಸ್, ಅಷ್ಟೇ. ಅರ್ಜಿ ಬರೆಯಲು ಅರೆಕಾನೂನು ಸ್ವಯಂಸೇವಕಿ ಒಬ್ಬರು ಕೂತಿದ್ದರು. ಅವ್ವ ಹೇಳಿದ್ದನ್ನು ಅವ್ವನ ಮಾತಿನಲ್ಲೇ ಬರೆದು ಓದಿ ಹೇಳಿದರು. ಯಾರೂ ಗದರಲಿಲ್ಲ. ಆಮೇಲೆ ನಮ್ಮ ವಿಷಯ ನೋಡಲು ಪ್ಯಾನೆಲ್ ವಕೀಲರೊಬ್ಬರನ್ನು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ವಕೀಲರೊಬ್ಬರನ್ನು ಕೊಟ್ಟರು.

ಆ ವಕೀಲರು ಬಿಡುಗಡೆ ಪತ್ರವನ್ನು ಸಾಲು ಸಾಲಾಗಿ ಜೋರಾಗಿ ಓದಿದರು. ಎರಡನೇ ಪುಟದಲ್ಲಿ ನಿಂತು ಕೆಂಪು ಪೆನ್ನಿನಿಂದ ಗೆರೆ ಎಳೆದರು. "ನನ್ನ ಹಿಸ್ಸೆಯ ಬಾಬ್ತು ಪೂರ್ತಿ ಹಣ ನಗದಾಗಿ ಪಡೆದಿರುತ್ತೇನೆ" ಅಂತ ಅಲ್ಲಿ ಬರೆದಿತ್ತು. "ಯಮ್ಮಾ, ರೊಕ್ಕ ನಿಮ್ಮ ಕೈಗೆ ಬಂದೈತೇನು?" ಅಂತ ಕೇಳಿದರು. ಅವ್ವ ಇಲ್ಲ ಅಂತ ತಲೆಯಾಡಿಸಿದಳು. "ಇನ್ನೊಮ್ಮೆ ಓದ್ರಿ ಸಾಹೇಬ್ರೆ" ಅಂದಳು. ಅವರು ಬೇಸರ ಮಾಡಿಕೊಳ್ಳದೆ ಮತ್ತೆ ಓದಿದರು. ಅವ್ವನ ಭಯ ಹೋಗಿ ಸಿಟ್ಟು ಬಂದದ್ದು ಆವಾಗಲೇ.

ಕಾನೂನನ್ನೂ ಬಿಡಿಸಿ ಹೇಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಅದಕ್ಕೂ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದು ಅದೇ. 2005ರ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮಗಳಿಗೂ ಮಗನಷ್ಟೇ ಹಕ್ಕು, ಮದುವೆ ಯಾವಾಗ ಆಯಿತು ಅನ್ನುವುದು ಲೆಕ್ಕಕ್ಕಿಲ್ಲ. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಖಚಿತ ಮಾಡಿದೆ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ರಿಜಿಸ್ಟರ್ ಪಾಲುಪಟ್ಟಿ ಆಗಿದ್ದರೆ ಅದನ್ನು ಮುಟ್ಟಲು ಬರುವುದಿಲ್ಲ. ನಮ್ಮಲ್ಲಿ ಅಂಥದ್ದು ಆಗಿರಲಿಲ್ಲ.

ನೇರ ದಾವೆ ಹಾಕಿ ಅಂತ ಅವರು ಹೇಳಲಿಲ್ಲ, ಇದು ನನಗೆ ತುಂಬಾ ಹಿಡಿಸಿತು. ಮೊದಲು ಮ್ಯುಟೇಶನ್‌ಗೆ, ಅಂದರೆ ಖಾತೆ ಬದಲಾವಣೆಗೆ, ತಕರಾರು ಅರ್ಜಿ ಕೊಡಿಸಿದರು. ಆಮೇಲೆ ಸಮಿತಿಯಿಂದಲೇ ಮಾವಂದಿರಿಗೆ ನೋಟಿಸ್ ಹೋಯಿತು. ಮೊದಮೊದಲು ಕೂಗಾಟ. ಸಣ್ಣ ಮಾವ ಬೇಗ ಮೆತ್ತಗಾದರು, ದೊಡ್ಡ ಮಾವ ತಿಂಗಳುಗಟ್ಟಲೆ ಮಾತೇ ಬಿಟ್ಟರು. ಕೊನೆಗೆ ಕಾಲುವೆ ಕಡೆಯ ಒಂದು ತುಂಡು ಅವ್ವನ ಹೆಸರಿಗೆ ಅಂತ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಪೂರ್ತಿ ಪಾಲಿಗಿಂತ ಕಡಿಮೆಯೇ. ಆದರೆ ಎಷ್ಟು ಬಿಡಬೇಕು ಅಂತ ಅವ್ವ ತಿಳಿದೇ ಬಿಟ್ಟಳು, ಯಾರೂ ಅವಳ ಕೈಯಿಂದ ಕಸಿದುಕೊಳ್ಳಲಿಲ್ಲ.

ಅದಾಲತ್‌ನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಬೇಗ ಮುಗಿಯಲಿ ಅಂತ ಅವಸರದಲ್ಲಿ ಒಪ್ಪಿಕೊಳ್ಳಬೇಡಿ, ಮನೆಯಲ್ಲಿ ಕೂತು ಯೋಚನೆ ಮಾಡಿ ಒಪ್ಪಿಕೊಳ್ಳಿ.

ಒಂದು ಕೊರತೆ ಹೇಳಲೇಬೇಕು. ಇದು ಆ ಕಚೇರಿಯ ತಪ್ಪಲ್ಲ, ಇಡೀ ವ್ಯವಸ್ಥೆಯದ್ದು. ಪ್ಯಾನೆಲ್ ವಕೀಲರಿಗೆ ಸಿಗುವ ಗೌರವಧನ ಕಡಿಮೆ, ಅವರಿಗೆ ತಮ್ಮ ಬೇರೆ ಕೇಸುಗಳೂ ಇರುತ್ತವೆ. ಸುಮ್ನೆ ಮನೆಯಲ್ಲಿ ಕೂತರೆ ಆಗುವುದಿಲ್ಲ. ತಾರೀಖು ಬರೆದಿಟ್ಟುಕೊಳ್ಳಿ, ಹಿಂದಿನ ದಿನವೇ ಫೋನ್ ಮಾಡಿ. ವಕೀಲರು ನಿಮಗೆ ಸರಿಬರದಿದ್ದರೆ ಬದಲಾಯಿಸಿಕೊಡಿ ಅಂತ ಅರ್ಜಿ ಕೊಡಬಹುದು. ಯಾರಾದರೂ ಫೀಸು ಕೇಳಿದರೆ ಸಮಿತಿಗೇ ದೂರು ಕೊಡಿ. ವಕೀಲರ ಫೀಸು, ಕೋರ್ಟ್ ಫೀಸು, ಟೈಪಿಂಗ್ ಖರ್ಚು, ಎಲ್ಲವನ್ನೂ ಸಮಿತಿಯೇ ಭರಿಸಬೇಕು.

ಈ ನೆರವು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿಂದ ಬಂದದ್ದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯದ ಮಿತಿ ಇಲ್ಲ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಮಿತಿ ಇದೆ. ಹೋಗಲು ಆಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕೊಪ್ಪಳ, ರಾಯಚೂರು, ಬಳ್ಳಾರಿಯವರು ತಮ್ಮ ಜಿಲ್ಲಾ ಪ್ರಾಧಿಕಾರಕ್ಕೂ ಹೋಗಬಹುದು. ಆಸ್ತಿ ವಿಷಯವಾದರೆ ಪಹಣಿ, ವಂಶವೃಕ್ಷ, ಆಧಾರ್ ಜೊತೆಗಿರಲಿ. ನಿಮ್ಮಿಂದ ಸಹಿ ಕೇಳುತ್ತಿರುವ ಪತ್ರದ ನಕಲು ಇದ್ದರೆ ಅದನ್ನು ಮರೆಯದೆ ಒಯ್ಯಿರಿ.